ಕಾಡಿನಾಚೆಯ ಕಾಳುಮೆಣಸು, ನಮ್ಮ ಸಂಘದ ತಕ್ಕಡಿ



ಇತ್ತೀಚೆಗೆ ಯಾವ ಸಂಘದ ಸಭೆಗೆ ಹೋದರೂ ಒಂದೇ ಪ್ರಶ್ನೆ ಬರುತ್ತದೆ. “ಉಳಿತಾಯ ಮಾಡಿದ್ದಾಯ್ತು, ಬ್ಯಾಂಕಿನ ಸಾಲ ತಗೊಂಡು ತೀರಿಸಿದ್ದೂ ಆಯ್ತು. ಇನ್ನು ಮುಂದೇನು?” ಹಪ್ಪಳ, ಉಪ್ಪಿನಕಾಯಿ, ಅಗರಬತ್ತಿ ಎಲ್ಲವನ್ನೂ ನಮ್ಮಲ್ಲಿ ಹಲವರು ಮಾಡಿ ನೋಡಿದ್ದಾರೆ. ಕೆಲವು ನಿಂತವು, ಕೆಲವು ಬಿದ್ದವು. ಬಿದ್ದದ್ದಕ್ಕೆ ಮುಖ್ಯ ಕಾರಣ ಕಚ್ಚಾ ಮಾಲನ್ನೂ ಪೇಟೆಯಿಂದಲೇ ತಂದದ್ದು. ಪೇಟೆಯಿಂದ ತಂದು ಪೇಟೆಗೇ ಮಾರಿದರೆ ನಡುವೆ ನಮಗೆ ಉಳಿಯುವುದು ಬೆವರು ಮಾತ್ರ.

ಹಾಗಾದರೆ ನಮ್ಮ ಹತ್ತಿರವೇ ಬೆಳೆಯುವ, ಬೇರೆ ಕಡೆಯ ಜನ ಹುಡುಕಿಕೊಂಡು ಬರುವ ವಸ್ತು ಯಾವುದು? ದಾಂಡೇಲಿಯಿಂದ ಬಸ್ ಹತ್ತಿ ಜೋಯಿಡಾ ದಾಟಿದರೆ ಉತ್ತರ ಸಿಗುತ್ತದೆ. ಗುಂದ, ನಂದಿಗದ್ದೆ, ಕುಂಬಾರವಾಡಾ, ಉಳವಿ ಕಡೆಯ ಅಡಿಕೆ ಮರಕ್ಕೆ, ಹಲಸಿನ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಬೇಸಿಗೆಯ ಕೊನೆಗೆ ಮುರುಗಲು. ಹಿತ್ತಲಲ್ಲಿ ಅರಿಸಿನ. ಈ ಪಾಠದಲ್ಲಿ ಅಂಥ ದೂರದ ಊರಿನ ರೈತರಿಂದ ನೇರವಾಗಿ ಮಸಾಲೆ ಪದಾರ್ಥ ಕೊಂಡು ಸಣ್ಣ ವ್ಯಾಪಾರ ಮಾಡುವುದು ಹೇಗೆ ಎಂದು ಕಲಿಯೋಣ. ಕಾಳುಮೆಣಸನ್ನೇ ಉದಾಹರಣೆಯಾಗಿ ಹಿಡಿಯೋಣ.

ನೆಲದ ಮೇಲಿನ ದ್ವೀಪಗಳು

ಕಾಳುಮೆಣಸು ನಮ್ಮ ಜಿಲ್ಲೆಗೆ ಹೊಸದಲ್ಲ. 16ನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದಿದ್ದರು. ಅವಳ ಸೀಮೆಯ ಮೆಣಸು ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಒಬ್ಬ ಹೆಂಗಸು ಮೆಣಸಿನ ವ್ಯಾಪಾರವನ್ನು ಕೈಯಲ್ಲಿ ಹಿಡಿದು ಪರದೇಶದವರ ಜೊತೆ ಚೌಕಾಸಿ ಮಾಡಿದ ಜಿಲ್ಲೆ ನಮ್ಮದು. “ಹೆಂಗಸರಿಗೆ ವ್ಯಾಪಾರ ಆಗ್ತದೇನು?” ಎಂದು ಯಾರಾದರೂ ಕೇಳಿದರೆ ಇದನ್ನು ಹೇಳಿ.

ಆದರೆ ಬೆಳೆಯುವವರ ಸ್ಥಿತಿ ಬೇರೆ. ಸೂಪಾ ಅಣೆಕಟ್ಟು 1980ರ ದಶಕದಲ್ಲಿ ಪೂರ್ಣವಾದಾಗ ಹಳೇ ಸೂಪಾ ಪೇಟೆ ಕಾಳಿ ನದಿಯ ನೀರಿನಡಿ ಹೋಯಿತು. ಎಷ್ಟೋ ಕುಟುಂಬಗಳು ಊರು ಬಿಟ್ಟವು. ಉಳಿದ ಕೆಲವು ಮಜಿರೆಗಳಿಗೆ ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ಕಾಡು. ಕಾಡಿನ ದೊಡ್ಡ ಭಾಗ ಹುಲಿ ಸಂರಕ್ಷಿತ ಪ್ರದೇಶ. 2007ರಲ್ಲಿ ಅಣಶಿ-ದಾಂಡೇಲಿ ಎಂಬ ಹೆಸರಿನಲ್ಲಿ ಘೋಷಣೆಯಾಗಿ, 2015ರಿಂದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎನಿಸಿಕೊಂಡಿದೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ದಾರಿಯೇ ಇಲ್ಲ. ಸಮುದ್ರ ಇಲ್ಲದಿದ್ದರೂ ಅವು ದ್ವೀಪಗಳೇ. ಕುಣಬಿಗಳು, ಸಿದ್ದಿಗಳು, ಗೌಳಿಗಳು, ಮರಾಠರು, ಹವ್ಯಕರು ಹೀಗೆ ಹಲವು ಜನ ಅಲ್ಲಿ ಬದುಕು ಕಟ್ಟಿಕೊಂಡಿದ್ದಾರೆ.

ದ್ವೀಪದ ರೈತನಿಗೆ ಒಂದೇ ತೊಂದರೆ: ಕೊಳ್ಳುವವನು ಒಬ್ಬನೇ. ಇದು ಜಗತ್ತಿನ ಹಳೇ ಕಥೆ. ಇಂಡೋನೇಷ್ಯದ ಬಾಂಡಾ ಎಂಬ ಪುಟ್ಟ ದ್ವೀಪಗಳಲ್ಲಿ ಜಾಯಿಕಾಯಿ ಬೆಳೆಯುತ್ತಿತ್ತು. ತಮಗೊಬ್ಬರಿಗೇ ಮಾರಬೇಕೆಂದು ಹಟ ಹಿಡಿದ ಡಚ್ಚರು 1621ರಲ್ಲಿ ಅಲ್ಲಿನ ಜನರನ್ನು ಕೊಂದು, ಉಳಿದವರನ್ನು ಓಡಿಸಿ ತೋಟ ಹಿಡಿದರು. ನಮ್ಮ ಕಡೆ ಕತ್ತಿ ಕೋವಿ ಇಲ್ಲ, ನಿಜ. ಆದರೆ ಮಳೆಗಾಲದಲ್ಲಿ ಅಕ್ಕಿಗೆ, ಜೂನಿನಲ್ಲಿ ಮಕ್ಕಳ ಫೀಸಿಗೆ, ಚೌತಿ ಹಬ್ಬಕ್ಕೆ ಎಂದು ಮುಂಗಡ ಕೊಟ್ಟು, ಬೆಳೆ ಬಂದಾಗ ತಾನು ಹೇಳಿದ ದರಕ್ಕೆ ಮೆಣಸು ಎತ್ತಿಕೊಂಡು ಹೋಗುವ ಪದ್ಧತಿ ನಮಗೆಲ್ಲ ಗೊತ್ತಿದ್ದದ್ದೇ. ಬೆಳೆದವಳಿಗೆ ಅವತ್ತಿನ ಪೇಟೆ ದರ ಎಷ್ಟೆಂದೂ ತಿಳಿದಿರುವುದಿಲ್ಲ.

ಇಲ್ಲೇ ನಮ್ಮ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ನಾವು ನೇರ ಖರೀದಿ ಎಂದು ಹೇಳಿಕೊಂಡು ಹೋಗಿ ಇನ್ನೊಬ್ಬ ದಲ್ಲಾಳಿ ಆಗುತ್ತೇವೋ, ಅಥವಾ ಆ ಅಕ್ಕನ ಜೊತೆ ನಿಲ್ಲುತ್ತೇವೋ? ಸೀರೆ ಉಟ್ಟ ದಲ್ಲಾಳಿಯೂ ದಲ್ಲಾಳಿಯೇ.

ಹಸಿಯೋ, ಒಣಗಿದ್ದೋ?

ಮೊದಲು ಒಂದು ಸರಳ ಲೆಕ್ಕ ಕಲಿಯೋಣ. 100 ಕಿಲೋ ಹಸಿ ಮೆಣಸು ಒಣಗಿಸಿದರೆ ಸುಮಾರು 33 ಕಿಲೋ ಕರಿಮೆಣಸು ಸಿಗುತ್ತದೆ. ಅಂದರೆ ಮೂರು ಕಿಲೋ ಹಸಿ, ಒಂದು ಕಿಲೋ ಒಣ. ಈಗ ಲೆಕ್ಕಕ್ಕಾಗಿ ಒಣ ಮೆಣಸಿಗೆ ಕಿಲೋಗೆ 600 ರೂಪಾಯಿ ಎಂದು ಹಿಡಿಯಿರಿ. (ಈ ಪಾಠದ ದರಗಳೆಲ್ಲ ಲೆಕ್ಕ ಕಲಿಯಲು ಹಿಡಿದವು, ಇವತ್ತಿನ ಪೇಟೆ ದರವಲ್ಲ.) ಯಾರೋ ಬಂದು ಹಸಿ ಮೆಣಸನ್ನು ಕಿಲೋಗೆ 150ರಂತೆ ಕೊಂಡರು. ಮೂರು ಕಿಲೋಗೆ 450 ಆಯ್ತು. ಅದನ್ನೇ ಆಕೆ ಒಣಗಿಸಿ ಕೊಟ್ಟಿದ್ದರೆ 600. ಕೈ ತಪ್ಪಿದ 150 ರೂಪಾಯಿ ಆಕೆಯ ಬಿಸಿಲಿನ ಕೂಲಿ.

ಆದ್ದರಿಂದ ನಾವು ಹಸಿ ಮೆಣಸು ಕೊಳ್ಳುವುದು ಬೇಡ. ಒಣಗಿಸುವುದನ್ನು ರೈತರ ಮನೆಯಲ್ಲೇ ಚೆನ್ನಾಗಿ ಮಾಡಿಸೋಣ. ಕೂಲಿ ಅಲ್ಲೇ ಉಳಿಯಲಿ. ಸ್ವಚ್ಛ ಮಾಡುವುದು, ತೂಗುವುದು, ಪ್ಯಾಕ್ ಮಾಡುವುದು, ಮಾರುವುದು ನಮ್ಮ ಕೆಲಸ.

ಒಣಗಿಸುವ ಕ್ರಮ ಹೀಗೆ:

1. ಗೊಂಚಲಿನಲ್ಲಿ ಒಂದೆರಡು ಕಾಳು ಹಳದಿ ಅಥವಾ ಕೆಂಪು ಆದಾಗ ಕೊಯ್ಯಬೇಕು. ಹಣದ ಅವಸರಕ್ಕೆ ಎಳೆಯದು ಕೊಯ್ದರೆ ಕಾಳು ಜೊಳ್ಳಾಗುತ್ತದೆ, ತೂಕ ಬರುವುದಿಲ್ಲ.

2. ಗೊಂಚಲಿನಿಂದ ಬಿಡಿಸಿದ ಕಾಳನ್ನು ತೆಳು ಬಟ್ಟೆಯಲ್ಲಿ ಅಥವಾ ಬುಟ್ಟಿಯಲ್ಲಿ ಹಾಕಿ ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಕಾಳು ಸ್ವಚ್ಛವಾಗುತ್ತದೆ, ಬೇಗ ಒಣಗುತ್ತದೆ, ಒಂದೇ ಸಮನಾದ ಕಪ್ಪು ಬಣ್ಣ ಬರುತ್ತದೆ.

3. ಸ್ವಚ್ಛ ಚಾಪೆ ಅಥವಾ ತಾಡಪಾಲಿನ ಮೇಲೆ ತೆಳುವಾಗಿ ಹರಡಿ ನಾಲ್ಕರಿಂದ ಆರು ದಿನ ಒಳ್ಳೆ ಬಿಸಿಲಿಗೆ ಒಣಗಿಸಬೇಕು. ಸಗಣಿ ಸಾರಿಸಿದ ಅಂಗಳದ ಮೇಲೆ ನೇರವಾಗಿ ಹಾಕಬಾರದು. ಕೋಳಿ, ನಾಯಿ ಹತ್ತಿರ ಬರದ ಹಾಗೆ ನೋಡಬೇಕು. ಸಂಜೆ ಇಬ್ಬನಿ ಬೀಳುವ ಮುಂಚೆ ಮುಚ್ಚಬೇಕು.

4. ಒಣಗಿದ ಕಾಳಿನಲ್ಲಿ ತೇವಾಂಶ ನೂರಕ್ಕೆ 11 ದಾಟಬಾರದು. ಯಂತ್ರ ಇಲ್ಲದಿದ್ದರೆ ಹಲ್ಲಿನಲ್ಲಿ ಕಚ್ಚಿ ನೋಡಿ. ಕಟ್ ಎಂದು ಒಡೆಯಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಒಂದು ದಿನ ಬಿಸಿಲು ಬೇಕು.

ಕೊಳ್ಳುವಾಗ ಇನ್ನೊಂದು ಪರೀಕ್ಷೆ ಮಾಡಿ. ಒಂದು ಲೀಟರ್ ಅಳತೆಯ ಡಬ್ಬಿಯಲ್ಲಿ ಮೆಣಸು ಒತ್ತದೆ ತುಂಬಿಸಿ, ಡಬ್ಬಿಯ ತೂಕ ಕಳೆದು ತೂಗಿ. 550 ಗ್ರಾಂ ಬಂದರೆ ಉತ್ತಮ ಕಾಳು. 500 ಗ್ರಾಂಗಿಂತ ತುಂಬಾ ಕಡಿಮೆ ಬಂದರೆ ಜೊಳ್ಳು ಜಾಸ್ತಿ ಇದೆ ಎಂದರ್ಥ. ಈ ಪರೀಕ್ಷೆಯನ್ನು ರೈತರ ಕಣ್ಣ ಮುಂದೆಯೇ ಮಾಡಬೇಕು. ಮುಂದಿನ ವರ್ಷ ಅವರೇ ಡಬ್ಬಿ ಹಿಡಿದು ತೂಗಿ ಕೊಡುತ್ತಾರೆ.

ನಾವು ಕಲಿತ ಒಂದು ದುಬಾರಿ ಪಾಠ

ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಒಮ್ಮೆ ಮೇ ಕೊನೆಯಲ್ಲಿ, ಆಕಾಶದಲ್ಲಿ ಮೋಡ ಇರುವಾಗ, ಅವಸರದಲ್ಲಿ ಎರಡು ಚೀಲ ಮೆಣಸು ತಂದೆವು. ಜೀಪು ಹೊರಡುವ ಹೊತ್ತು. ಮೇಲಿನ ಒಂದು ಹಿಡಿ ನೋಡಿದೆವು, ಚೀಲದ ನಡುವಿನದು ನೋಡಲಿಲ್ಲ. ಕಚ್ಚಿ ನೋಡುವುದನ್ನೂ ಮರೆತೆವು. ತಂದವರೇ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಪ್ಯಾಕ್ ಮಾಡಿ ಅಂಗಡಿಗಳಿಗೆ ಕೊಟ್ಟೆವು. ಮೂರು ವಾರಕ್ಕೆ ಪ್ಯಾಕೆಟ್ಟುಗಳು ವಾಪಸ್ ಬಂದವು. ಒಳಗೆ ಬಿಳಿ ಬೂಷ್ಟು.

ಆ ದಿನದ ಸಭೆ ರಾತ್ರಿ ಹತ್ತಾದರೂ ಮುಗಿಯಲಿಲ್ಲ. “ತೊಳೆದು ಒಣಗಿಸಿ ಪುಡಿ ಮಾಡಿದರೆ ಯಾರಿಗೂ ಗೊತ್ತಾಗೋದಿಲ್ಲ” ಎಂದರು ಕೆಲವರು. ಅವರನ್ನು ಬೈಯಲಾಗದು, ಅವರು ಹಾಕಿದ್ದು ಮಗಳ ಮದುವೆಗೆಂದು ಇಟ್ಟ ದುಡ್ಡು. “ಕೊಟ್ಟ ರೈತನಿಂದ ಹಣ ವಾಪಸ್ ಕೇಳೋಣ” ಎಂದರು ಇನ್ನು ಕೆಲವರು. ಕೊನೆಗೆ ಎಲ್ಲರಿಗಿಂತ ಹಿರಿಯ ಸದಸ್ಯೆ ಕೇಳಿದರು: “ಆ ಪುಡಿ ನಮ್ಮ ಮೊಮ್ಮಕ್ಕಳ ಸಾರಿಗೆ ಹಾಕ್ತೀರೇನು?” ಯಾರೂ ಮಾತಾಡಲಿಲ್ಲ. ಬೂಷ್ಟಿನ ವಿಷ ತೊಳೆದರೂ ಹೋಗುವುದಿಲ್ಲ, ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಮಾಲನ್ನು ಗುಂಡಿ ತೋಡಿ ಹೂಳಿದೆವು. ನೋಡದೆ ತೂಗಿ ಹಣ ಕೊಟ್ಟವರು ನಾವು. ಹಾಗಾಗಿ ರೈತನ ಮೇಲೆ ಹೊರಿಸದೆ ನಷ್ಟವನ್ನು ಎಲ್ಲರೂ ಸಮಾನವಾಗಿ ಹಂಚಿಕೊಂಡೆವು. ತೀರಿಸಲು ಒಂದು ವರ್ಷ ಹಿಡಿಯಿತು. ಆದರೆ ಆ ರೈತ ಮರುವರ್ಷ ಊರಿನ ಇನ್ನೂ ಮೂರು ಮನೆಯವರನ್ನು ನಮ್ಮ ಹತ್ತಿರ ಕಳಿಸಿದ. ಚೀಲದ ಮೇಲೆ, ನಡುವೆ, ಅಡಿಗೆ ಮೂರೂ ಕಡೆ ಕೈ ಹಾಕಿ ನೋಡದೆ ಅಂದಿನಿಂದ ಒಂದು ಕಿಲೋ ಕೂಡ ಕೊಂಡಿಲ್ಲ.

ದರ ಮತ್ತು ತೂಕ: ನಾಲ್ಕು ನಿಯಮಗಳು

ಒಂದು: ದರ ಎಲ್ಲರಿಗೂ ಕಾಣಲಿ. ಶಿರಸಿಯಲ್ಲಿ ಕಾಳುಮೆಣಸಿನ ಮಾರುಕಟ್ಟೆ ಇದೆ. ಅಲ್ಲಿಯ ತೋಟಗಾರ್ಸ್ ಕೋ-ಆಪರೇಟಿವ್ ಸೇಲ್ ಸೊಸೈಟಿ, ಎಲ್ಲರ ಬಾಯಲ್ಲಿ ಟಿಎಸ್‌ಎಸ್, 1923ರಿಂದ ರೈತರ ಮಾಲು ಮಾರಿಕೊಡುತ್ತಿದೆ. ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿಯೂ ಇದೆ. ಖರೀದಿಗೆ ಹೋಗುವ ಮುಂಚೆ ಶಿರಸಿಯ ದರ ಕೇಳಿ, ಒಂದು ಹಾಳೆಯಲ್ಲಿ ದಿನಾಂಕ ಸಹಿತ ಬರೆದು, ರೈತರ ಮನೆಯ ಜಗಲಿಯಲ್ಲಿ ಓದಿ ಹೇಳಿ. “ಶಿರಸಿಯಲ್ಲಿ ಇಷ್ಟಿದೆ. ಸಾಗಾಟಕ್ಕೆ ಇಷ್ಟು ಕಳೆದು ನಾವು ಇಷ್ಟು ಕೊಡ್ತೇವೆ” ಎಂದು ಬಾಯಿ ಬಿಟ್ಟು ಹೇಳಿದರೆ ಸಂಶಯಕ್ಕೆ ಜಾಗ ಇರುವುದಿಲ್ಲ.

ಎರಡು: ತಕ್ಕಡಿ ಸರ್ಕಾರದ ಮುದ್ರೆ ಹಾಕಿಸಿದ್ದಾಗಿರಲಿ. ಮೊದಲು ಒಂದು ಕಿಲೋ ಕಲ್ಲು ಇಟ್ಟು ಎಲ್ಲರಿಗೂ ತೋರಿಸಿ, ಆಮೇಲೆ ಮಾಲು ತೂಗಿ. ಚೀಲದ ತೂಕಕ್ಕೆ ಎಷ್ಟು ಬಿಡಬೇಕೋ ಅಷ್ಟೇ ಬಿಡಿ. ‘ಸೂಟು’ ಎಂದು ಕಿಲೋಗಟ್ಟಲೆ ಕಳೆಯುವ ಹಳೇ ಚಾಳಿ ನಮಗೆ ಬೇಡ.

ಮೂರು: ಹಣ ಅದೇ ದಿನ ಕೊಡಿ, ಚೀಟಿ ಬರೆದು ಕೊಡಿ. ತೂಕ, ದರ, ಒಟ್ಟು ಹಣ, ಸಹಿ. ಒಂದು ಪ್ರತಿ ಅವರಿಗೆ, ಒಂದು ಸಂಘದ ಫೈಲಿಗೆ. ಫೋನಿನಲ್ಲಿ ಹಣ ಹಾಕುವುದಾದರೆ ಯಾರ ಖಾತೆಗೆ ಎಂದು ಬಳ್ಳಿ ನೋಡಿಕೊಂಡ ಅಕ್ಕನನ್ನೂ ಕೇಳಿ. ದುಡಿದವಳು ಒಬ್ಬಳು, ದುಡ್ಡು ಹೋಗುವುದು ಇನ್ನೆಲ್ಲಿಗೋ ಆಗಬಾರದು.

ನಾಲ್ಕು: ಬೆಳೆ ಕಟ್ಟಿಹಾಕುವ ಮುಂಗಡ ಕೊಡಬೇಡಿ. ಕಷ್ಟಕ್ಕೆ ಸಾಲ ಬೇಕಾದರೆ ಆ ಊರಿನಲ್ಲೇ ಒಂದು ಸ್ವಸಹಾಯ ಸಂಘ ಕಟ್ಟಲು ನೆರವಾಗಿ. ಮೆಣಸು ಯಾರಿಗೆ ಕೊಡಬೇಕೆಂಬುದು ಬೆಳೆದವರ ಇಷ್ಟ. ನಮಗಿಂತ ಹೆಚ್ಚು ಕೊಡುವವರು ಬಂದರೆ ಅವರು ಅಲ್ಲಿಗೆ ಕೊಡಲಿ. ಅಷ್ಟಾದರೂ ನಾವು ಹೋದದ್ದು ಸಾರ್ಥಕ.

ಬನ್ನಿ, ಲೆಕ್ಕ ಹಾಕೋಣ

ಒಂದು ಸಂಘದಲ್ಲಿ 12 ಜನ. ತಲಾ 2,500 ರೂಪಾಯಿ ಹಾಕಿದರೆ ಬಂಡವಾಳ 30,000. ಮೊದಲ ಸಲ 40 ಕಿಲೋ ಕೊಳ್ಳೋಣ.

ಮೆಣಸು 40 ಕಿಲೋ, 600ರಂತೆ: 24,000
ಜೀಪು, ಬಸ್ಸು, ಹಮಾಲಿ: 800
ಚೀಲ, ಪ್ಯಾಕೆಟ್, ಲೇಬಲ್ (370ಕ್ಕೆ ತಲಾ 4 ರೂ.): 1,480
ಆರಿಸಿ ಪ್ಯಾಕ್ ಮಾಡಿದ ಕೂಲಿ (6 ಆಳು, 350ರಂತೆ): 2,100
ನೋಂದಣಿ, ಫೋನ್, ಇತರೆ: 620
ಒಟ್ಟು ಖರ್ಚು: 29,000

40 ಕಿಲೋ ಕೊಂಡರೂ ಕಸ, ಜೊಳ್ಳು, ಮತ್ತೆ ಒಂದು ಬಿಸಿಲಿಗೆ ಹಾಕಿದ್ದು ಎಲ್ಲ ಸೇರಿ 3 ಕಿಲೋ ಹೋಗುತ್ತದೆ ಎಂದು ಹಿಡಿಯೋಣ. ಉಳಿದದ್ದು 37 ಕಿಲೋ. 100 ಗ್ರಾಂನ 370 ಪ್ಯಾಕೆಟ್. ಒಂದು ಪ್ಯಾಕೆಟ್ಟಿಗೆ ನಮಗೆ ಬಿದ್ದದ್ದು 78 ರೂಪಾಯಿ ಚಿಲ್ಲರೆ.

200 ಪ್ಯಾಕೆಟ್ ಅಂಗಡಿಗೆ 88ರಂತೆ ಕೊಟ್ಟರೆ 17,600. 170 ಪ್ಯಾಕೆಟ್ ನಾವೇ 100ರಂತೆ ಮಾರಿದರೆ 17,000. ಒಟ್ಟು 34,600. ಖರ್ಚು ಕಳೆದು ಲಾಭ 5,600 ರೂಪಾಯಿ.

ತಲೆಗೆ 466 ರೂಪಾಯಿ. “ಇಷ್ಟೇನಾ?” ಎನಿಸಬಹುದು. ಆದರೆ ಮೂರು ಮಾತು ನೆನಪಿಡಿ. ಕೂಲಿ 2,100 ಈಗಾಗಲೇ ನಮ್ಮವರ ಕೈ ಸೇರಿದೆ. ಎರಡನೆಯದು, ಊರಿಗೆ ಬರುವ ವ್ಯಾಪಾರಿ 560 ಕೊಡುತ್ತಿದ್ದ ಎಂದಾದರೆ 40 ಕಿಲೋಗೆ 1,600 ರೂಪಾಯಿ ಹೆಚ್ಚಾಗಿ ರೈತರ ಮನೆಯಲ್ಲಿ ಉಳಿಯಿತು. ಮೂರನೆಯದು, ಇದೇ ಬಂಡವಾಳವನ್ನು ವರ್ಷಕ್ಕೆ ಮೂರು ಸಲ ತಿರುಗಿಸಬಹುದು. ಮೊದಲ ವರ್ಷದ ಲಾಭ ಹಂಚಿಕೊಳ್ಳದೆ ಬಂಡವಾಳಕ್ಕೆ ಸೇರಿಸಿ. ಹನಿ ಹನಿ ಗೂಡಿದರೆ ಹಳ್ಳ.

ಅಪಾಯವನ್ನೂ ಲೆಕ್ಕ ಹಾಕಬೇಕು. ಅಂಗಡಿಯವರು 64 ಪ್ಯಾಕೆಟ್ಟಿನ ಹಣ ಕೊಡಲಿಲ್ಲ ಎಂದುಕೊಳ್ಳಿ. 64 ಗುಣಿಸು 88, ಅಂದರೆ 5,632. ನಮ್ಮ ಲಾಭ ಪೂರ್ತಿ ಹೋಯಿತು! ಆದ್ದರಿಂದ ಉದ್ರಿ ಬೇಡ. ಕೊಡಲೇಬೇಕಾದರೆ ಒಂದು ಅಂಗಡಿಗೆ 10 ಪ್ಯಾಕೆಟ್ ಮಾತ್ರ, ಹಳೇ ಬಾಕಿ ತೀರಿದ ಮೇಲೆ ಹೊಸದು. ಗಂಡನ ಗೆಳೆಯನ ಅಂಗಡಿಗೂ ಇದೇ ನಿಯಮ.

ಕಾಗದ-ಪತ್ರ

ಆಹಾರ ಪದಾರ್ಥ ಮಾರುವವರು ಎಷ್ಟೇ ಚಿಕ್ಕವರಿದ್ದರೂ ಆಹಾರ ಸುರಕ್ಷತಾ ಇಲಾಖೆಯಲ್ಲಿ ನೋಂದಣಿ ಮಾಡಿಸಬೇಕು. ಇದು 2006ರ ಕಾಯ್ದೆ. ಚಿಕ್ಕ ವ್ಯಾಪಾರಕ್ಕೆ ಶುಲ್ಕ ಕಡಿಮೆ, ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಸಿಗುವ 14 ಅಂಕಿಯ ಸಂಖ್ಯೆಯನ್ನು ಪ್ರತಿ ಪ್ಯಾಕೆಟ್ ಮೇಲೆ ಹಾಕಬೇಕು. ಅದರ ಜೊತೆ ಪದಾರ್ಥದ ಹೆಸರು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಪ್ಯಾಕ್ ಮಾಡಿದ ತಿಂಗಳು-ವರ್ಷ, ಎಷ್ಟು ದಿನದೊಳಗೆ ಬಳಸಬೇಕು, ಬ್ಯಾಚ್ ಸಂಖ್ಯೆ, ಹಸಿರು ಚುಕ್ಕೆ, ಸಂಘದ ವಿಳಾಸ ಮತ್ತು ದೂರು ಹೇಳಲು ಫೋನ್ ನಂಬರ್ ಇರಲಿ. ಮಸಾಲೆ ಪುಡಿಯನ್ನು ಬಿಡಿಯಾಗಿ ಅಳೆದು ಮಾರುವಂತಿಲ್ಲ, ಪ್ಯಾಕ್ ಮಾಡಿಯೇ ಮಾರಬೇಕು. ಅರಿಸಿನಕ್ಕೆ, ಮೆಣಸಿನ ಪುಡಿಗೆ ಬಣ್ಣ ಬೆರೆಸುವುದು ಅಪರಾಧ, ಪಾಪ ಕೂಡ.

ಗೋವಾ ನಮಗೆ ಹತ್ತಿರ, ಅಲ್ಲಿ ಗಿರಾಕಿಯೂ ಇದೆ. ಆದರೆ ಒಂದು ಎಚ್ಚರಿಕೆ: ಹೊರ ರಾಜ್ಯದ ಅಂಗಡಿಗೆ ಮಾಲು ಸರಬರಾಜು ಮಾಡಿದರೆ ವ್ಯಾಪಾರ ಚಿಕ್ಕದಿದ್ದರೂ ಜಿಎಸ್‌ಟಿ ನೋಂದಣಿ ಬೇಕಾಗುತ್ತದೆ. ಮೊದಲು ನಮ್ಮ ರಾಜ್ಯದೊಳಗೇ ಮಾರಿ, ಗಟ್ಟಿಯಾದ ಮೇಲೆ ತಿಳಿದವರನ್ನು ಕೇಳಿ ಮುಂದುವರಿಯಿರಿ. ರೈತರಿಂದ ಖರೀದಿ ಹೆಚ್ಚಾದಂತೆ ಏನೇನು ಪರವಾನಗಿ ಬೇಕೆಂದು ಹಳಿಯಾಳದ ಎಪಿಎಂಸಿ ಕಚೇರಿಯಲ್ಲೂ ವಿಚಾರಿಸಿ.

ಕಾಡಿನ ಉತ್ಪನ್ನದ ವಿಷಯ ಬೇರೆ. ಉಪ್ಪಾಗೆ, ರಾಮಪತ್ರೆ, ಕಾಡಿನ ದಾಲ್ಚಿನ್ನಿ ಇವನ್ನು ಯಾರು, ಎಲ್ಲಿ ಸಂಗ್ರಹಿಸಬಹುದು ಎಂಬುದಕ್ಕೆ ಕಾನೂನಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟು ಜನರಿಗೆ ಮತ್ತು ಪಾರಂಪರಿಕ ಅರಣ್ಯವಾಸಿಗಳಿಗೆ ಕಿರು ಉತ್ಪನ್ನದ ಹಕ್ಕು ಕೊಟ್ಟಿದೆ. ಅದು ಅವರ ಹಕ್ಕು, ನಮ್ಮದಲ್ಲ. ತಿಳಿಯದೆ ಕೊಂಡು ಅವರನ್ನೂ ನಮ್ಮನ್ನೂ ಕೇಸಿಗೆ ಸಿಕ್ಕಿಸುವುದು ಬೇಡ. ಆರಂಭದಲ್ಲಿ ತೋಟದಲ್ಲಿ, ಹಿತ್ತಲಲ್ಲಿ ಬೆಳೆದದ್ದನ್ನು ಮಾತ್ರ ಕೊಳ್ಳಿ.

ತರಬೇತಿ ಬೇಕಾದರೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಕೇಳಿ. 2020ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ನಮ್ಮ ಜಿಲ್ಲೆಗೆ ಆರಿಸಿದ್ದು ಮಸಾಲೆ ಪದಾರ್ಥಗಳನ್ನೇ. ಈಗ ಯಾವ ಸಹಾಯಧನಕ್ಕೆ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆದರೆ ಸಬ್ಸಿಡಿ ಬರುತ್ತದೆ ಎಂದು ವ್ಯಾಪಾರ ಶುರು ಮಾಡಬೇಡಿ. ವ್ಯಾಪಾರ ನಡೆಯುತ್ತಿರುವಾಗ ಸಬ್ಸಿಡಿ ಬಂದರೆ ಒಳ್ಳೆಯದು.

ಎಲ್ಲಿ ಮಾರೋಣ?

ದಾಂಡೇಲಿಗೆ ಪ್ರವಾಸಿಗಳು ಬರುತ್ತಾರೆ. ಹೋಂಸ್ಟೇ, ರೆಸಾರ್ಟುಗಳಲ್ಲಿ ಒಂದು ಚಿಕ್ಕ ಬುಟ್ಟಿ ಇಡಲು ಕೇಳಿ. ಉಳವಿಯ ಚೆನ್ನಬಸವೇಶ್ವರ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯಿಂದ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಅದು ಮೆಣಸಿನ ಕೊಯ್ಲಿನ ಹೊತ್ತೂ ಹೌದು. ಮುಂಡಗೋಡ, ಹಳಿಯಾಳದ ಸಂತೆ, ಚರ್ಚಿನ ವಾರ್ಷಿಕ ಹಬ್ಬ, ಕ್ರಿಸ್‌ಮಸ್ಸಿನ ಮುಂಚಿನ ವಾರಗಳು, ಶಾಲೆಯ ಪಾಲಕರ ಸಭೆ ಎಲ್ಲವೂ ನಮ್ಮ ಪೇಟೆಯೇ. ಜೋಯಿಡಾದ ಗಡ್ಡೆ-ಗೆಣಸು ಮೇಳ ನೋಡಿದ್ದೀರಾ? ಯಾರೂ ಕೇಳದಿದ್ದ ಗೆಣಸನ್ನು ಕುಣಬಿ ಅಕ್ಕಂದಿರು ತಾವೇ ರಾಶಿ ಹಾಕಿ, ಹೆಸರು ಹೇಳಿ, ಅಡುಗೆ ಹೇಳಿಕೊಟ್ಟು ಮಾರಿದಾಗ ದೂರದವರೂ ಬಂದು ಕೊಂಡರು. ನಾವೂ ಪ್ಯಾಕೆಟ್ ಮೇಲೆ ಮೆಣಸು ಬೆಳೆದ ಊರಿನ ಹೆಸರು ಹಾಕೋಣ.

ಮೆಣಸು ಒಂದೇ ಸಾಲದು. ಕೊಯ್ಲು ಜನವರಿಯಿಂದ ಮಾರ್ಚ್ ತನಕ. ಏಪ್ರಿಲ್-ಮೇ ತಿಂಗಳಲ್ಲಿ ಒಣಗಿಸಿದ ಮುರುಗಲು ಸಿಪ್ಪೆ ಸೇರಿಸಬಹುದು. ಮೆಣಸಿನ ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದ ಹಾಗೆ, ಒಳಗೆ ಪ್ಲಾಸ್ಟಿಕ್ ಹಾಸಿನ ಸಹಿತ ಇಟ್ಟರೆ ಮಳೆಗಾಲ ದಾಟಿ ಕ್ರಿಸ್‌ಮಸ್ ತನಕ ಮಾರಬಹುದು.

ಸಹೋದರಿಯರೇ, ಈ ನವೆಂಬರಿನಲ್ಲೇ, ಕೊಯ್ಲಿಗೆ ಮುಂಚೆ, ನಿಮ್ಮ ಸಂಘದ ನಾಲ್ಕು ಜನ ಒಂದು ಊರಿಗೆ ಹೋಗಿ ಬನ್ನಿ. ಮೊದಲ ಸಲ ಏನೂ ಕೊಳ್ಳಬೇಡಿ. ಜಗಲಿಯಲ್ಲಿ ಕೂತು ಮಾತಾಡಿ, ಬಳ್ಳಿ ನೋಡಿ, ಕಳೆದ ವರ್ಷ ಏನು ದರ ಸಿಕ್ಕಿತು ಎಂದು ಕೇಳಿ. ವ್ಯಾಪಾರ ಅಲ್ಲಿಂದ ಶುರುವಾಗುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಲು

1. ನಮ್ಮ ಸಂಘಕ್ಕೆ ಹತ್ತಿರವಾದ, ಆದರೆ ಪೇಟೆಗೆ ದೂರವಾದ ಊರು ಯಾವುದು? ಅಲ್ಲಿ ನಮಗೆ ಗೊತ್ತಿದ್ದವರು ಯಾರು?

2. ಮೇಲಿನ ಲೆಕ್ಕದಲ್ಲಿ ಮೆಣಸಿನ ದರ 600ರ ಬದಲು 700 ಆದರೆ ಒಂದು ಪ್ಯಾಕೆಟ್ಟಿಗೆ ಎಷ್ಟು ಬೀಳುತ್ತದೆ? ಎಷ್ಟಕ್ಕೆ ಮಾರಬೇಕು? ಕಪ್ಪು ಹಲಗೆಯ ಮೇಲೆ ಎಲ್ಲರೂ ಸೇರಿ ಬಿಡಿಸಿ.

3. ಮಾಲು ಕೆಟ್ಟರೆ ನಷ್ಟ ಯಾರದು? ಇದನ್ನು ಖರೀದಿಗೆ ಮುಂಚೆಯೇ ತೀರ್ಮಾನಿಸಿ ಠರಾವು ಪುಸ್ತಕದಲ್ಲಿ ಬರೆಯಿರಿ.

4. ಉದ್ರಿ ಕೇಳುವವರಿಗೆ ‘ಇಲ್ಲ’ ಎನ್ನುವ ಕೆಲಸ ಯಾರು ಮಾಡುತ್ತೀರಿ?